ಎಚ್‌ಪಿ ಕೇಳದ ಫಿಟ್ಟರ್

ಫಿಟ್ಟರ್ ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಜಕ್ಕಲಿಯ ರೈತರೊಬ್ಬರಿಗೆ ಮೂವತ್ತು ಎಚ್‌ಪಿಗೂ ಮೂವತ್ತೈದು ಎಚ್‌ಪಿಗೂ ಏನು ಫರಕು ಎಂದು ವಿವರಿಸುತ್ತಿದ್ದೆ. ಫೋನು ಮಾಡಿದವಳು ಅವರ ಮಗಳು. ಬೆಳಗಿನ ಚಹಾ ಕುಡಿದು ಕಟ್ಟೆಯ ಮೇಲೆ ಕೂತವರು ಹಾಗೆಯೇ ಗೋಡೆಗೆ ಒರಗಿದರಂತೆ. ಮಧ್ಯಾಹ್ನ ಮೂರಕ್ಕೆ ಮಣ್ಣು ಎಂದಳು. ಬರುತ್ತೇನೆ ಎಂದು ಹೇಳಿ ಫೋನು ಕೆಳಗಿಟ್ಟೆ. ರೈತರು ಕಾಯುತ್ತಿದ್ದರು. ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದ ಮತ್ತೆ ಶುರುಮಾಡಿ, ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದೆ. ಮನೆಯಲ್ಲಿ ವಿಚಾರ ಮಾಡಿ ಬರುತ್ತೇನೆಂದು ಅವರು ಎದ್ದು ಹೋದರು. ಆಮೇಲೆ ಬುತ್ತಿ ಬಿಚ್ಚಿ ಊಟವನ್ನೂ ಮಾಡಿದೆ. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಎದೆಯೊಳಗೆ ಏನಾದರೂ ಆಗಬೇಕಿತ್ತು, ಆಗಲಿಲ್ಲ.

ನಾನು ರೋಣದಲ್ಲಿ ಟ್ರ್ಯಾಕ್ಟರ್ ಮಾರುವ ಅಂಗಡಿಯೊಂದರ ಕೌಂಟರಿನಲ್ಲಿ ಕೂಡುವವನು. ಅವರು ಅದೇ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದರು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ತಮ್ಮೂರು ಸವಡಿಯಲ್ಲಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಿಯಾದರೂ ಬರೆದಿರುವುದು ಅವರಿಗೆ ಸೇರುತ್ತಿರಲಿಲ್ಲ. ಸರ್ವಿಸ್ ಕಾರ್ಡಿನಲ್ಲಿ ಸಹಿ ಮಾಡುವ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಕೊಡುತ್ತಿದ್ದರು. ಕಂಪನಿಯಿಂದ ಬಂದ ಸಾಹೇಬರೊಬ್ಬರು ಇದೇನು ಎಂದು ಕೇಳಿದಾಗ, ಆ ಚುಕ್ಕೆ ಇರುವ ಗಾಡಿ ತಿರುಗಿ ಬಂದಿದ್ದರೆ ತೋರಿಸಿ ಎಂದಿದ್ದರು. ಸಾಹೇಬರು ಕಾರ್ಡು ತಿರುಗಿ ಕೊಟ್ಟರು.

ಗಿಡ್ಡ ಆಳು. ಖಾಕಿ ಅಂಗಿ, ತಲೆಗೆ ಬಿಳಿ ಟೊಪ್ಪಿಗೆ. ದಿನವೆಲ್ಲ ಗ್ರೀಸಿನಲ್ಲಿ ಕೈಯಾಡಿಸಿದರೂ ಆ ಟೊಪ್ಪಿಗೆಗೆ ಒಂದು ಕಲೆ ಬಿದ್ದದ್ದನ್ನು ನಾನು ನೋಡಿಲ್ಲ. ಎಡಗಿವಿ ಪೂರ್ತಿ ಮಂದ. ಎಡಗಡೆ ನಿಂತು ಮಾತಾಡಿದರೆ ಕತ್ತು ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸಿ ಎದುರು ನಿಲ್ಲುತ್ತಿದ್ದರು. ಹೊಸಬರಿಗೆ ಅದು ಜಗಳಕ್ಕೆ ಬಂದಂತೆ ಕಾಣುತ್ತಿತ್ತು. ಬಲಗಿವಿ ಮಾತ್ರ ಎರಡು ಕಿವಿಯ ಕೆಲಸ ಮಾಡುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ಬಲಗಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಅವರ ಮುಖ ದವಾಖಾನೆಯಲ್ಲಿ ವರದಿ ಕಾಯುವವರ ಮುಖದ ಹಾಗಿರುತ್ತಿತ್ತು. ಕಣ್ಣು ತೆರೆದು ಒಂದೇ ಮಾತು ಹೇಳುತ್ತಿದ್ದರು: ಮೂರನೇ ಸಿಲಿಂಡರಿನ ವಾಲ್ವು, ಅಥವಾ ಪಂಪು, ಅಥವಾ ಏನೂ ಆಗಿಲ್ಲ, ಒಯ್ಯಿ.

ನಮ್ಮ ಅಂಗಡಿಗೆ ಬರುವವರ ಮೊದಲ ಪ್ರಶ್ನೆ ಒಂದೇ: ಎಷ್ಟು ಎಚ್‌ಪಿ? ಬಾನೆಟ್ಟಿನ ಬದಿಗೆ ದೊಡ್ಡದಾಗಿ ಬರೆದ ಸಂಖ್ಯೆಯನ್ನು ಓದಿಯೂ ಕೇಳುತ್ತಾರೆ. ಬಾಜು ಹೊಲದವನದು ನಲವತ್ತೈದು ಇದ್ದರೆ ಇವನಿಗೆ ಐವತ್ತು ಬೇಕು. ಆರೆಕರೆ ಇರಲಿ, ಅರವತ್ತೆಕರೆ ಇರಲಿ, ಲೆಕ್ಕ ಅದೇ. ಈಗೀಗ ಸಣ್ಣ ಟ್ರ್ಯಾಕ್ಟರುಗಳು ಬಂದ ಮೇಲೆ ಆ ಹುಚ್ಚು ಇನ್ನೊಂದು ರೀತಿ ಹಿಡಿದಿದೆ. ಗಾಡಿ ಸಣ್ಣದಿರಬೇಕು, ರೇಟು ಸಣ್ಣದಿರಬೇಕು, ಎಚ್‌ಪಿ ಮಾತ್ರ ದೊಡ್ಡದಿರಬೇಕು. ಕೌಂಟರಿನಲ್ಲಿ ಕೂತವನಿಗೆ ಇದು ಅನುಕೂಲ. ಒಂದು ಸಂಖ್ಯೆ ಹೇಳಿದರೆ ಅರ್ಧ ವ್ಯಾಪಾರ ಮುಗಿಯುತ್ತದೆ.

ಫಿಟ್ಟರ್ ಕಾಕಾ ಎಂದೂ ಎಚ್‌ಪಿಯ ಮಾತು ತೆಗೆಯುತ್ತಿರಲಿಲ್ಲ. ಹೊಲ ಎರಿಯೋ ಮಸಾರಿಯೋ, ಗಾಡಿಯ ಹಿಂದೆ ಏನು ಕಟ್ಟುತ್ತೀ, ಎಂದು ಕೇಳುತ್ತಿದ್ದರು. ಕಪ್ಪು ಎರೆಮಣ್ಣು ಒಂದು ರೀತಿ ಹಿಡಿದರೆ ಕೆಂಪು ಮಸಾರಿ ಇನ್ನೊಂದು ರೀತಿ ಬಿಡುತ್ತದೆ. ರೈತ ಹೇಳುವುದರಲ್ಲಿ ನಂಬಿಕೆ ಬರದಿದ್ದರೆ ತಮ್ಮ ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಅವನ ಹೊಲಕ್ಕೇ ಹೋಗಿ, ಚಪ್ಪಲಿ ಕಳೆದು, ಹಿಮ್ಮಡಿಯಿಂದ ನೆಲ ಒತ್ತಿ ನೋಡಿ ಬರುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಚ್‌ಪಿಗೆ ಏನೂ ಅರ್ಥವಿಲ್ಲವೇ ಎಂದು ಕೇಳಿದ್ದೆ. ಇಡೀ ಮೈ ತಿರುಗಿಸಿ ನನ್ನೆದುರು ನಿಂತರು.

“ಎಚ್‌ಪಿ ಅಂದ್ರ ಮೀಸಿ ಇದ್ದಂಗ, ತಮ್ಮಾ. ನೋಡಾಕ ಚಂದ. ಕೆಲಸ ಮಾಡೋದು ಕೈ.”

ಹಾಗಂತ ಅದನ್ನು ಅವರು ತಳ್ಳಿಹಾಕುತ್ತಲೂ ಇರಲಿಲ್ಲ. ಇಪ್ಪತ್ತೆರಡು ಎಚ್‌ಪಿಯ ಗಾಡಿಗೆ ಮಣ್ಣು ಪುಡಿ ಮಾಡುವ ಐದು ಫೂಟಿನ ರೋಟಾವೇಟರ್ ಕಟ್ಟಲು ಹೊರಟವನನ್ನು ಅಂಗಳದಲ್ಲೇ ತಡೆದಿದ್ದರು. ಬಾನೆಟ್ಟಿನ ಮೇಲೆ ಬರೆದದ್ದೆಲ್ಲ ಅದನ್ನು ತಿರುಗಿಸುವ ಹಿಂದಿನ ಶಾಫ್ಟಿಗೆ ಬರುವುದಿಲ್ಲ, ದಾರಿಯಲ್ಲಿ ಗೇರುಗಳು, ಪಂಪು, ಎಲ್ಲ ತಮ್ಮ ತಮ್ಮ ಪಾಲು ತಿನ್ನುತ್ತವೆ, ಉಳಿದದ್ದರಿಂದ ಮಣ್ಣು ಒಡೆಯಬೇಕು ಎಂದು ತಿಳಿಸಿ ಹೇಳಿದರು. ಅವನು ಕೇಳಲಿಲ್ಲ. ವಾರದ ಮೇಲೆ ಗಾಡಿ ಕರಿಹೊಗೆ ಉಗುಳುತ್ತ ಶೆಡ್ಡಿಗೆ ಬಂತು. ಫಿಟ್ಟರ್ ಕಾಕಾ ಹಿಂದಿನ ಮಾತು ನೆನಪಿಸಲಿಲ್ಲ. ರಿಪೇರಿ ಮಾಡಿ ಚುಕ್ಕೆ ಇಟ್ಟು ಕಳಿಸಿದರು.

ನರಗುಂದದ ಕಡೆ ಕಾಲುವೆ ನೀರಿನ ಹೊಲವೊಂದರಲ್ಲಿ ನಮ್ಮ ಹೊಸ ಗಾಡಿಯ ಮಾನ ಹೋಗುವುದರಲ್ಲಿತ್ತು. ಮೂವತ್ತು ಎಚ್‌ಪಿಯ ಸಣ್ಣ ಟ್ರ್ಯಾಕ್ಟರು. ನೇಗಿಲು ಇಳಿಸಿದೊಡನೆ ಗಾಲಿಗಳು ನಿಂತಲ್ಲೇ ತಿರುಗಿ ಗುಂಡಿ ತೋಡಿಕೊಂಡವು. ಸುತ್ತ ನಿಂತವರು ನಗುತ್ತಿದ್ದರು. ನಾನು ಡ್ರೈವರನಿಗೆ ಇನ್ನೂ ಎಕ್ಸಲರೇಟರ್ ಕೊಡು ಎಂದು ಕೂಗುತ್ತಿದ್ದೆ. ಫಿಟ್ಟರ್ ಕಾಕಾ ಹೋಗಿ ಎಂಜಿನ್ ಬಂದ್ ಮಾಡಿದರು. ಪಂಪ್‌ಸೆಟ್ಟಿನ ಪೈಪು ತರಿಸಿ ಹಿಂದಿನ ಎರಡೂ ಟಯರುಗಳಿಗೆ ಮುಕ್ಕಾಲು ಮಟ ನೀರು ತುಂಬಿಸಿದರು. ಟಯರಿಗೆ ನೀರು ಕುಡಿಸುವುದನ್ನು ನೋಡಿ ಜನ ಮತ್ತಷ್ಟು ನಕ್ಕರು. ಆಮೇಲೆ ಅದೇ ಗಾಡಿ, ಅದೇ ಎಂಜಿನ್ನು, ಅದೇ ನೇಗಿಲು ಎಳೆದುಕೊಂಡು ಹೊಲದ ಆ ತುದಿ ಮುಟ್ಟಿತು. ತಿರುಗಿ ಬರುವಾಗ ಜೀಪಿನಲ್ಲಿ ಅವರು ಹೇಳಿದ್ದಿಷ್ಟು: ತಾಕತ್ತು ಎಂಜಿನ್ನಿನಲ್ಲಿದ್ದರೆ ಸಾಲದು, ಅದು ನೆಲಕ್ಕೆ ಮುಟ್ಟಬೇಕು. ಮುಟ್ಟಿಸುವುದು ಭಾರ.

ಹೊಳೆಮಣ್ಣೂರಿನ ಒಂದು ದೊಡ್ಡ ಮನೆಯವರು ಪೇರಲ ತೋಟಕ್ಕೆಂದು ಐವತ್ತೈದು ಎಚ್‌ಪಿಯ ಗಾಡಿ ಒಯ್ದಿದ್ದರು. ಮಾರಿದವನು ನಾನೇ. ಅದು ಗಿಡಗಳ ಸಾಲಿನೊಳಗೆ ಹೊಕ್ಕರೆ ಎರಡೂ ಕಡೆಯ ಟೊಂಗೆ ಮುರಿಯುತ್ತಿತ್ತು. ಹೊಳೆ ಬಂದು ಇಳಿದುಹೋದ ವರ್ಷ ತೋಟದ ತುಂಬ ರೇವೆ ಮಣ್ಣು ಕೂತಾಗ ಅದು ಒಳಗೆ ಹೋಗಿ ಅಚ್ಚಿನ ಮಟ ಹೂತಿತು. ಫಿಟ್ಟರ್ ಕಾಕಾ ಇಪ್ಪತ್ನಾಲ್ಕು ಎಚ್‌ಪಿಯ ಒಂದು ಗಾಡಿ ಒಯ್ದು ಎಂಟು ದಿನ ಅಲ್ಲೇ ಇದ್ದು ರೇವೆ ಸರಿಸಿಕೊಟ್ಟು ಬಂದರು. ಆ ಮನೆಯ ಹಿರಿಯರು ಈಗ ದೊಡ್ಡ ಗಾಡಿಯನ್ನು ಬೀಗರ ಊರಿಗೆ ಮದುವೆಯ ಸಾಮಾನು ಒಯ್ಯಲು ಇಟ್ಟಿದ್ದಾರೆ ಎಂದು ಹೇಳಿ ಫಿಟ್ಟರ್ ಕಾಕಾ ನಕ್ಕಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಹಾಗಾಗಿ ಅದು ನೆನಪಿದೆ.

ಸಾವಕಾರರಿಗೆ, ಅಂದರೆ ಅಂಗಡಿಯ ಮಾಲಕರಿಗೆ, ಅವರ ಕೈಗೆಲಸ ಬೇಕಿತ್ತು, ಬಾಯಿ ಬೇಡವಾಗಿತ್ತು. ಗಿರಾಕಿ ಒಳಗಿದ್ದಾಗ ಅವರನ್ನು ಶೆಡ್ಡಿನಲ್ಲೇ ಇರುವಂತೆ ನೋಡಿಕೋ ಎಂದು ನನಗೆ ತಾಕೀತು ಮಾಡಿದ್ದರು. ಸಾವಕಾರರು ಕೆಟ್ಟವರಲ್ಲ. ಫಿಟ್ಟರ್ ಕಾಕಾನ ಮಗಳ ಲಗ್ನಕ್ಕೆ ಎರಡು ದಿನ ಮುಂಚೆ ಹೋಗಿ ನಿಂತು ಓಡಾಡಿದವರು. ಆದರೆ ಅಂಗಡಿ ನಡೆಯಬೇಕಿತ್ತು. ನಾನು ಅವರ ಮಾತಿನಂತೆ ಮಾಡಿದೆ. ಗಿರಾಕಿ ಬಂದರೆ ಶೆಡ್ಡಿನ ಬಾಗಿಲು ಅರ್ಧ ಎಳೆದು ಬರುವುದು ನನ್ನ ಕೆಲಸವಾಯಿತು.

ಯಮನೂರಪ್ಪ ಬಂದ ದಿನ ಬಾಗಿಲು ಎಳೆಯಲು ಮರೆತಿದ್ದೆ.

ಗಜೇಂದ್ರಗಡದ ಗುಡ್ಡದ ಬುಡದ ಹಳ್ಳಿಯವನು. ಹನ್ನೆರಡು ವರ್ಷ ಗೋವಾದಲ್ಲಿ ಕಟ್ಟಡದ ಕೆಲಸ ಮಾಡಿ, ಇನ್ನು ಊರಲ್ಲೇ ಇರಬೇಕೆಂದು ಬಂದಿದ್ದ. ನಾಲ್ಕೆಕರೆ ಹೊಲ ಇತ್ತು. ಹೊಲದ ಕೆಲಸ ಇಲ್ಲದ ದಿನ ಗುಡ್ಡದ ಮೇಲಿನಿಂದ ಕಟ್ಟಡದ ಕಲ್ಲು ಹೇರಿಕೊಂಡು ಬಂದು ಹಾಕುವುದೆಂದು ಯೋಚಿಸಿದ್ದ. ಇಪ್ಪತ್ತೆಂಟು ಎಚ್‌ಪಿಯ ಗಾಡಿಯ ಸುತ್ತ ಮೂರು ಸಲ ತಿರುಗಿದ. ಸ್ಟಿಯರಿಂಗ್ ಮುಟ್ಟುವ ಮುಂಚೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ನನ್ನೆದುರು ಬಂದು ಕೂತು, ತಮ್ಮದು ಗುಡ್ಡದ ಹಾದಿ, ಕಲ್ಲು ಹೇರಿದರೆ ಇದು ಎಳೆಯುತ್ತದೆಯೇ ಎಂದು ಕೇಳಿದ.

“ಇಪ್ಪತ್ತೆಂಟು ಎಚ್‌ಪಿ ಐತಿ. ನೀ ಏನ್ ಹೇರಿದ್ರೂ ಎಳಿತೈತಿ,” ಎಂದೆ.

ಶೆಡ್ಡಿನ ಬಾಗಿಲಲ್ಲಿ ಫಿಟ್ಟರ್ ಕಾಕಾ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಅಲ್ಲಿಂದಲೇ ಹೇಳಿದರು.

“ಎಳಿತೈತಿ. ನಿಂದ್ರಸಂಗಿಲ್ಲ.”

ಯಮನೂರಪ್ಪ ಅವರ ಕಡೆ ತಿರುಗಿದ. ಅವರು ಒಳಗೆ ಬಂದು ನೆಲದ ಮೇಲೆ ಕೂತು, ಎರಡು ಬೋಲ್ಟು ಇಟ್ಟು ತೋರಿಸಿದರು. ಏರುವಾಗ ಎಂಜಿನ್ನು ದುಡಿಯುತ್ತದೆ, ಆಗ ಎಚ್‌ಪಿ ಲೆಕ್ಕಕ್ಕೆ ಬರುತ್ತದೆ. ಇಳಿಯುವಾಗ ಯಾರೂ ಎಂಜಿನ್ನನ್ನು ಕೇಳುವುದಿಲ್ಲ. ಹಿಂದಿನ ಹೇರು ಮುಂದಿನ ಗಾಡಿಯನ್ನು ದೂಡುತ್ತದೆ. ಟ್ರೇಲರಿಗೆ ಬ್ರೇಕಿಲ್ಲ. ಒಂದು ಟನ್ನಿನ ಗಾಡಿ ಮೂರು ನಾಲ್ಕು ಟನ್ನಿನ ಕಲ್ಲನ್ನು ತಡೆದು ಹಿಡಿಯಲಾರದು. ತಗೊಳ್ಳುವುದಾದರೆ ಸಣ್ಣ ಟ್ರೇಲರು ತಗೋ, ಎರಡು ಸಲ ಓಡಾಡು. ಇಷ್ಟು ಹೇಳುವಷ್ಟರಲ್ಲಿ ಸಾವಕಾರರು ಒಳಗಿನಿಂದ ಅವರನ್ನು ಕರೆದರು. ಅವರು ಬೋಲ್ಟುಗಳನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದರು.

ನಾನು ನಕ್ಕೆ. ಕಾಕಾಗೆ ಸಣ್ಣ ಗಾಡಿ ಎಂದರೆ ನಂಬಿಕೆ ಕಡಿಮೆ, ಹಳೇ ಕಾಲದವರು ಎಂದೆ. ಅಂಗಳದಲ್ಲಿ ಬಹಳ ದಿನದಿಂದ ನಿಂತಿದ್ದ ದೊಡ್ಡ ಟ್ರೇಲರನ್ನು ತೋರಿಸಿದೆ. ಅದನ್ನು ಅವನು ಒಪ್ಪಿದ. ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ನರಗುಂದದ ಹೊಲದಿಂದ ಬರುವಾಗ ಜೀಪಿನಲ್ಲಿ ಅವರ ಬಾಜೂಕ್ಕೆ ಕೂತು ಭಾರದ ಮಾತು ಕೇಳಿದವನು ನಾನೇ.

ಗಾಡಿ ಒಯ್ಯುವ ದಿನ ಫಿಟ್ಟರ್ ಕಾಕಾ ಒಂದು ಡಬ್ಬಿ ಬಿಳಿ ಬಣ್ಣ ತಂದು ಟ್ರೇಲರಿನ ಒಳಮೈಗೆ ನಾಲ್ಕೂ ಕಡೆ ಒಂದು ಗೆರೆ ಎಳೆದರು. ಮೊಣಕಾಲ ಎತ್ತರಕ್ಕೂ ಕೆಳಗಿತ್ತು ಅದು. ಕಲ್ಲಾದರೆ ಇಲ್ಲಿಯ ಮಟ, ಹೊಟ್ಟಾದರೆ ಆಕಾಶದ ಮಟ ಹೇರಿಕೋ ಎಂದರು. ಎಡಬಲ ಗಾಲಿಗಳ ಎರಡು ಬ್ರೇಕ್ ಪೆಡಲುಗಳನ್ನು ಕೂಡಿಸುವ ಕೊಂಡಿಯನ್ನು ಅವನ ಕೈಯಿಂದಲೇ ಹತ್ತು ಸಲ ಹಾಕಿಸಿ ತೆಗೆಸಿದರು. ಇಳುಕಲು ಶುರುವಾಗುವ ಮುಂಚೆಯೇ ಸಣ್ಣ ಗೇರಿಗೆ ಬಾ, ನಡುವೆ ಕ್ಲಚ್ ತುಳಿಯಬೇಡ ಎಂದು ಹೇಳಿಕೊಟ್ಟರು. ಎಲ್ಲ ಮುಗಿದರೂ ಕೀಲಿ ಕೊಡದೆ ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡು ನಿಂತಿದ್ದರು. ಸಾವಕಾರರು ಹೊತ್ತಾಯಿತು ಎಂದಾಗ ಕೊಟ್ಟರು.

ಏಳು ತಿಂಗಳ ಮೇಲೆ ಸುದ್ದಿ ಬಂತು. ಗುಡ್ಡದ ಇಳುಕಲಿನಲ್ಲಿ ಹೇರು ದೂಡಿ, ಟ್ರ್ಯಾಕ್ಟರು ಟ್ರೇಲರಿನ ಕಡೆಗೇ ಮಡಚಿ ಬಿದ್ದಿತ್ತು. ಯಮನೂರಪ್ಪನ ಬಲಗಾಲು ಮಡ್‌ಗಾರ್ಡಿನ ಕೆಳಗೆ ಸಿಕ್ಕಿತ್ತು. ಕಲ್ಲು ಗೆರೆಯ ಮೇಲೆ ಗೇಣುದ್ದ ಇತ್ತಂತೆ. ಕಾಲನ್ನು ಮೊಣಕಾಲಿನ ಮೇಲೆ ತೆಗೆದರು. ಜೀವ ಉಳಿಯಿತು.

ಫಿಟ್ಟರ್ ಕಾಕಾ ಜ್ಯಾಕು, ಸರಪಳಿ, ಹತ್ಯಾರಗಳ ಪೆಟ್ಟಿಗೆ ಎಲ್ಲವನ್ನೂ ಜೀಪಿಗೆ ಹಾಕಿ ಕೌಂಟರಿಗೆ ಬಂದರು. ನನ್ನ ಎದುರು ನಿಂತು, “ಗಾಡಿ ಎತ್ತಾಕ ಹೋಗೂಣು, ಬಾ,” ಎಂದರು. ಇಬ್ಬರು ಗಿರಾಕಿಗಳು ಬರುವವರಿದ್ದಾರೆ ಎಂದೆ. ಅದು ಖರೆಯೂ ಆಗಿತ್ತು. ಅವರು ಎರಡನೇ ಸಲ ಕರೆಯಲಿಲ್ಲ. ಸಿಟ್ಟಾಗಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು, ಎಂಜಿನ್ನಿಗೆ ಕಿವಿ ಕೊಟ್ಟು ಮುಗಿಸಿ ಕಣ್ಣು ತೆರೆದಾಗ ನೋಡುತ್ತಿದ್ದರಲ್ಲ, ಹಾಗೆ. ಆಮೇಲೆ ಹೋದರು. ಗಿರಾಕಿಗಳು ಬಂದರು. ಒಬ್ಬರು ಒಂದು ಗಾಡಿ ಒಯ್ದರು.

ಆ ದಿನದಿಂದ ನನಗೇನಾಯಿತೆಂದು ಹೇಳುವುದು ಕಷ್ಟ. ಏನೂ ಆಗಲಿಲ್ಲ. ನಿದ್ದೆ ಬರುತ್ತಿತ್ತು, ಹಸಿವಾಗುತ್ತಿತ್ತು. ಮಗ ಸಾಲಿಯಲ್ಲಿ ಪಾಸಾದಾಗ ಪೇಡೆ ತಂದೆ. ನನ್ನ ಅವ್ವ ಸತ್ತಾಗ ಎಲ್ಲರೂ ಅತ್ತರು, ನಾನು ಚಹಾ ಮಾಡಿಸಿದೆ, ಬಂದವರಿಗೆ ಚಾಪೆ ಹಾಸಿದೆ. ಗಟ್ಟಿ ಮನುಷ್ಯ ಎಂದು ಜನ ಹೊಗಳಿದರು. ಹೆಂಡತಿ ಮಾತ್ರ ಒಂದು ದಿನ, ನೀವು ಮನೆಯಲ್ಲಿ ಇದ್ದೂ ಇಲ್ಲದಂತಿರುತ್ತೀರಿ ಎಂದಳು. ನಾನು ನಾಳೆ ಬುತ್ತಿಗೆ ಏನು ಕಟ್ಟುತ್ತೀ ಎಂದು ಕೇಳಿದೆ.

ಫಿಟ್ಟರ್ ಕಾಕಾ ಭಾನುವಾರಗಳಲ್ಲಿ ಎಲ್ಲಿಗೋ ಹೋಗುತ್ತಿದ್ದರು. ಎಲ್ಲಿಗೆ ಎಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಮುರಿದ ಗಾಡಿಯನ್ನು ಬಿಚ್ಚಿ ಒಂದೊಂದೇ ಭಾಗ ಸರಿಮಾಡಿ ನಿಲ್ಲಿಸಲು ಅವರಿಗೆ ನಾಲ್ಕು ತಿಂಗಳು ಬೇಕಾಯಿತು. ಆಮೇಲೂ ಹೋಗುವುದು ನಿಲ್ಲಲಿಲ್ಲ. ಯಮನೂರಪ್ಪನ ಹೆಂಡತಿ ಶಾಂತವ್ವ ಟ್ರ್ಯಾಕ್ಟರ್ ಹೊಡೆಯಲು ಕಲಿಯುತ್ತಿದ್ದಾಳೆ ಎಂಬ ಸುದ್ದಿ ಮೊದಲು ನಗೆಯಾಗಿ ಬಂತು. ಎರಡು ವರ್ಷದ ಮೇಲೆ, ಆಕೆ ಸುತ್ತಲಿನ ಹೊಲಗಳನ್ನು ಬಾಡಿಗೆಗೆ ಹರಗುತ್ತಾಳೆ, ಸಾಲು ಸೊಟ್ಟ ಆಗುವುದಿಲ್ಲ ಎಂಬ ಸುದ್ದಿಯಾಗಿ ಬಂತು. ಫಿಟ್ಟರ್ ಕಾಕಾ ಈ ಬಗ್ಗೆ ಎಂದೂ ಬಾಯಿ ಬಿಡಲಿಲ್ಲ. ಕೆಲಸದಲ್ಲಿ ನನ್ನೊಡನೆ ಮೊದಲು ಹೇಗಿದ್ದರೋ ಹಾಗೆಯೇ ಇದ್ದರು. ಮಧ್ಯಾಹ್ನ ನಿಂತುಕೊಂಡೇ ರೊಟ್ಟಿ ತಿನ್ನುತ್ತ, ಕಡ್ಲಿ ಪಲ್ಯ ಇದ್ದ ದಿನ ನನಗೂ ಒಂದು ರೊಟ್ಟಿಯ ಮೇಲೆ ಹಾಕಿ ಕೊಡುತ್ತಿದ್ದರು. ಬೈದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅವರು ಬೈಯಲಿಲ್ಲ, ನಾನು ರೊಟ್ಟಿ ತಿಂದೆ.

ಕೆಲಸ ಬಿಡುವ ದಿನ ಸಾವಕಾರರು ಶಾಲು ಹೊದಿಸಿದರು. ನನಗೂ ನಾಲ್ಕು ಮಾತಾಡು ಎಂದರು. ಒಳ್ಳೆಯ ಕೈಗುಣ, ಒಳ್ಳೆಯ ಮನುಷ್ಯ ಎಂದು ಏನೇನೋ ಹೇಳಿದೆ. ಫಿಟ್ಟರ್ ಕಾಕಾ ಮಂದ ಕಿವಿಯನ್ನು ನನ್ನ ಕಡೆ ಮಾಡಿ ಕೂತಿದ್ದರು. ತಿರುಗಲಿಲ್ಲ. ಬೇಕೆಂದೇ ಹಾಗೆ ಕೂತಿದ್ದರೋ ಇಲ್ಲವೋ ತಿಳಿಯದು.

ಸವಡಿಗೆ ಮಣ್ಣಿಗೆ ಹೋದಾಗ ಮನೆಯ ಮುಂದೆ ಜನ ತುಂಬಿದ್ದರು. ಎಷ್ಟೋ ಜನ ರೈತರು, ಒಂದಿಲ್ಲೊಂದು ಗಾಡಿಯ ನೆಪದಲ್ಲಿ ನಾನು ಕಂಡ ಮುಖಗಳು. ಭಜನೆ ನಡೆದಿತ್ತು. ಫಿಟ್ಟರ್ ಕಾಕಾನ ದೇಹವನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ತಲೆಗೆ ತೊಳೆದ ಟೊಪ್ಪಿಗೆ ಇತ್ತು. ಕೈಗಳನ್ನು ಯಾರೋ ಚೆನ್ನಾಗಿ ತೊಳೆದಿದ್ದರು, ಆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ನಾನು ಹೂವು ಹಾಕಿ ಬಂದು ಗೋಡೆಯ ನೆರಳಿಗೆ ನಿಂತೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ನಲವತ್ತರ ಆಸುಪಾಸು, ಬಿಸಿಲಿಗೆ ಕಪ್ಪಾದ ಮುಖ. ಅಂಗೈಯಲ್ಲಿ ಸ್ಟಿಯರಿಂಗ್ ಹಿಡಿದು ಬಿದ್ದ ಗಟ್ಟಿ ಗೆರೆಗಳು. ರೋಣದ ಅಂಗಡಿಯವರಲ್ಲವೇ ಎಂದು ತಾನಾಗಿ ಕೇಳಿದಳು. ತನ್ನ ಊರು ಹೇಳಿದಾಗ ಶಾಂತವ್ವ ಎಂದು ತಿಳಿಯಿತು. ಅಷ್ಟು ವರ್ಷ ಅವಳನ್ನು ನಾನು ನೋಡಿರಲಿಲ್ಲ.

ಕಾಕಾ ಎಂಟು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ, ಕೆಲಸ ಬಿಟ್ಟ ಮೇಲೂ ಬಸ್ಸು ಹತ್ತಿ ಬರುತ್ತಿದ್ದರು ಎಂದಳು. ಮೊದಲ ಸಲ ಬಂದಾಗ, ಗಾಡಿಯ ಗೊಡವೆಯೇ ಬೇಡ, ಮಾರಿಬಿಡುತ್ತೇನೆ ಎಂದು ಅವಳು ಅವರ ಮೇಲೆ ಹರಿಹಾಯ್ದಿದ್ದಳಂತೆ. ಅವರು ಬಾಗಿಲ ಹೊರಗೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರಂತೆ.

“ಕಡೀಕ ಅವ್ರು ಅಂದದ್ದು ಒಂದ ಮಾತು, ಅಣ್ಣಾರ. ‘ಕೀಲಿ ಕೊಟ್ಟಾವ ನಾನವ್ವಾ. ನನ್ನ ಕೈಯಾಗ ಇತ್ತದು, ನಾ ಕೊಡಬಾರದಾಗಿತ್ತು.’ ಅದಕ್ಕ ನಾ ಏನ್ ಅನ್ಲಿ? ಒಳಗ ಬರ್ರಿ ಅಂದೆ.”

ಅವಳು ಅಳುತ್ತಿರಲಿಲ್ಲ. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಭಜನೆಯ ಕಡೆ ತಿರುಗಿದಳು. ಗಾಡಿ ಮಾರಿದವನು ನಾನು ಎಂದು ಅಲ್ಲೇ ಹೇಳಬಹುದಿತ್ತು. ಹೆಣ ಎತ್ತಿದರು, ಎಲ್ಲರೂ ಎದ್ದೆವು. ಹೊಲದ ಬದುವಿನಲ್ಲಿ ತೋಡಿದ ಕುಣಿಗೆ ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಕಪ್ಪು ಎರೆಮಣ್ಣು, ಒಣಗಿ ಹೆಂಟೆಯಾಗಿತ್ತು.

ಮುಂದಿನ ಭಾನುವಾರ ಗಜೇಂದ್ರಗಡದ ಕಡೆ, ಯಮನೂರಪ್ಪನ ಹಳ್ಳಿಗೆ ಹೋದೆ. ಯಾಕೆ ಹೋದೆನೆಂದು ಕೇಳಿದರೆ, ಆ ದಿನ ಅಲ್ಲಿಗೆ ಹೋಗುವವರು ಯಾರೂ ಇಲ್ಲ ಎಂಬುದು ಬೆಳಿಗ್ಗೆ ಎದ್ದಾಗ ತಲೆಯಲ್ಲಿತ್ತು. ಅಷ್ಟೇ. ಹೆಂಡತಿ ಎಲ್ಲಿಗೆ ಎಂದಾಗ ಗಿರಾಕಿಯೊಬ್ಬರ ಮನೆಗೆ ಎಂದೆ.

ಗುಡ್ಡದ ಬುಡಕ್ಕೆ ಆತುಕೊಂಡಂತೆ ಮನೆ. ಯಮನೂರಪ್ಪ ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಬಗಲಲ್ಲಿ ಊರುಗೋಲು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಲು ತುಸು ಹೊತ್ತು ಬೇಕಾಯಿತು. ಗುರುತು ಹತ್ತಿದ ಮೇಲೆ, ಬರ್ರಿ, ಕುಂದರ್ರಿ ಎಂದು ಜಾಗ ಮಾಡಿಕೊಟ್ಟ. ಶಾಂತವ್ವ ಹೊಲದಲ್ಲಿದ್ದಳು, ದೂರದಿಂದ ಗಾಡಿಯ ಸದ್ದು ಕೇಳುತ್ತಿತ್ತು. ಫಿಟ್ಟರ್ ಕಾಕಾನ ಮಾತಾಡಿದೆವು. ಮಳೆಯ ಮಾತಾಡಿದೆವು. ಅವನು ನೀರು ಕೊಟ್ಟ, ಕುಡಿದೆ. ಬಾಯಿಪಾಠ ಒಪ್ಪಿಸುವವನ ಹಾಗೆ ಆಮೇಲೆ ಹೇಳಿದೆ. ಏನು ಹೇರಿದರೂ ಎಳೆಯುತ್ತದೆ ಎಂದು ಆ ದಿನ ಅಂಗಡಿಯಲ್ಲಿ ಹೇಳಿದವನು ನಾನು. ಫಿಟ್ಟರ್ ಕಾಕಾ ಬೇಡ ಎಂದದ್ದನ್ನು ನಗೆಗೆ ಹಾಕಿದವನು ನಾನು. ದೊಡ್ಡ ಟ್ರೇಲರು ತೋರಿಸಿದವನೂ ನಾನೇ. ಗೊತ್ತಿದ್ದೂ ಮಾಡಿದೆ.

ಯಮನೂರಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ನಿಜಕ್ಕೂ ನೆನಪು ಮಾಡಿಕೊಳ್ಳುತ್ತಿದ್ದ.

“ಹೌದೇನ್ರಿ? ನೀವು ಹಂಗ ಅಂದಿದ್ರೇನು? ನನಗ ನೆನಪ ಇಲ್ರಿ.” ಸಮಾಧಾನ ಮಾಡುವವನಂತೆ ಸೇರಿಸಿದ. “ಅಂಗಡ್ಯಾಗ ಕುಂತವ್ರು ಎಲ್ಲಾರೂ ಹಂಗ ಅಂತಾರಲ್ರಿ. ಅದನ್ನ ಯಾರ್ ಮನಸಿಗೆ ತಗೋತಾರ? ಕಾಕಾ ಅಂದದ್ದು ನೆನಪೈತಿ. ಕೇಳಿದ್ದೆ. ಆ ದಿನ ಲಗೂ ಮನೀಗೆ ಬರೂಣು ಅಂತ ಒಂದ ಸಲಕ್ಕ ಹೇರಿದೆ. ಹೇರಿದಾವ ನಾನು.”

ಮತ್ತೆ ಹಗ್ಗ ಹೊಸೆಯತೊಡಗಿದ. ಎಂಟು ವರ್ಷ ನಾನು ಒಂದು ಮಾತನ್ನು ಒಳಗಿಟ್ಟುಕೊಂಡು ಓಡಾಡಿದ್ದೆ. ಅದು ಅವನ ಕಿವಿಗೆ ಬಿದ್ದದ್ದೂ ಅವನಿಗೆ ನೆನಪಿರಲಿಲ್ಲ. ಹಗುರಾಯಿತು ಎನ್ನಲಾರೆ. ಭಾರವಾಯಿತು ಎನ್ನಲೂ ಆರೆ. ಕೂತಲ್ಲೇ ಕೂತಿದ್ದೆ. ಒಂದು ಕೋಳಿ ಬಂದು ಊರುಗೋಲಿನ ಬುಡ ಕೆದರಿ ಹೋಯಿತು.

ಶಾಂತವ್ವ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದಳು. ಅವಳು ಗಂಡನ ಮುಖ, ನನ್ನ ಮುಖ ಎರಡನ್ನೂ ನೋಡಿ, ಚಹಾಕ್ಕೆ ಇಡಲು ಒಳಗೆ ಹೋದಳು. ಚಹಾ ಕುಡಿದು ಹೊರಡುವಾಗ ಹಿಂದಿನ ಶಾಫ್ಟಿನ ಹತ್ತಿರ ಎಣ್ಣೆ ಸೋರುವುದನ್ನು ತೋರಿಸಿದಳು. ಎಣ್ಣೆ ತಡೆಯುವ ಸೀಲು ಹೋಗಿದೆ, ಕಾಕಾ ಬರುವ ವಾರ ತರುತ್ತೇನೆ ಎಂದಿದ್ದರು, ಅಷ್ಟರಲ್ಲಿ ಹೋಗಿಬಿಟ್ಟರು ಎಂದಳು. ಅಳತೆ ಬರೆದುಕೊಂಡೆ. ಮುಂದಿನ ಭಾನುವಾರ ಸೀಲು ತೆಗೆದುಕೊಂಡು ಹೋದೆ. ಹದಿನೆಂಟು ವರ್ಷ ಟ್ರ್ಯಾಕ್ಟರು ಮಾರಿದವನು, ಒಂದು ಸೀಲು ಕೂರಿಸಲು ನನಗೆ ಬರುತ್ತಿರಲಿಲ್ಲ. ಹಾಗೆಂದೆ. ಹಾಕಲು ತನಗೆ ಬರುತ್ತದೆ, ನೀವು ಬ್ಯಾಟರಿ ದೀಪ ಹಿಡಿಯಿರಿ ಎಂದು ಶಾಂತವ್ವ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಸರಿದಳು. ನಾನು ಮೊಣಕಾಲೂರಿ ಬಗ್ಗಿ ಕೂತು ಬೆಳಕು ಬಿಟ್ಟೆ. ಅವಳು ಕೆಳಗೆ ಬುಟ್ಟಿ ಇಟ್ಟು ಎಣ್ಣೆ ಇಳಿಸಿ, ಬೋಲ್ಟುಗಳನ್ನು ಬಿಚ್ಚಿ ಸಾಲಾಗಿ ಇಟ್ಟಳು, ಹಳೆಯ ಸೀಲನ್ನು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ ತೆಗೆದಳು, ಕೂರಿಸುವ ಜಾಗವನ್ನು ಅರಿವೆಯಿಂದ ಒರೆಸಿದಳು. ಅವಸರ ಇರಲಿಲ್ಲ.

“ಅಣ್ಣಾರ, ಬೆಳಕ ಒಂದ ಕಡೆ ಹಿಡೀರಿ,” ಎಂದಳು, ಕೆಲಸದಿಂದ ಕಣ್ಣು ತೆಗೆಯದೆ. “ಭಾಳ ಅಲಗಾಡಾಕ್ಹತ್ತೈತಿ.”

ಸರಿಯಾಗಿ ಹಿಡಿದಿದ್ದೇನೆ ಎಂದುಕೊಂಡಿದ್ದೆ. ನೋಡಿದರೆ ನನ್ನ ಕೈ ಮೊಣಕೈವರೆಗೂ ನಡುಗುತ್ತಿತ್ತು. ಇನ್ನೊಂದು ಕೈ ಸೇರಿಸಿ ಹಿಡಿದೆ. ಅದೂ ನಡುಗುತ್ತಿತ್ತು.